ಅಂಬಾಸಿಡರ್ ಮತ್ತು ಪದ್ಮಿನಿ: ಮಲೆನಾಡಿನ ದಾರಿ ಕಂಡ ಎರಡು ಕಾರುಗಳು

ಎಡಗಡೆ ನಿಂತಿರುವುದು ಹಿಂದುಸ್ತಾನ್ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಈ ಕಾರು 1957ರಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಬಲಗಡೆಯದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100 ಇದರ ಮೂಲ, ಮುಂಬಯಿಯ ಕುರ್ಲಾ ಇದರ ತವರು. ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ; ಜನರ ಬಾಯಲ್ಲಿ ಮಾತ್ರ ಅದು ಕೊನೆವರೆಗೂ 'ಫಿಯೆಟ್ಟೇ'.

ಓಟ: ಅಂಬಾಸಿಡರಿನ ಹಳೆಯ ಪೆಟ್ರೋಲ್ ಎಂಜಿನ್ 1489 ಸಿಸಿ, ಪದ್ಮಿನಿಯದು 1089 ಸಿಸಿ. ಮನೆಮಂದಿಯೆಲ್ಲ ಹತ್ತಿ, ಡಿಕ್ಕಿ ತುಂಬಿದರೂ ಅಂಬಾಸಿಡರ್ ನಿಧಾನವಾಗಿ ಏರು ಹತ್ತುತ್ತದೆ. ಹಗುರ ಮೈಯ ಪದ್ಮಿನಿ ಚುರುಕು, ಪೆಟ್ರೋಲ್ ಖರ್ಚೂ ಕಡಿಮೆ.

ಹಿಡಿತ: ಸೊರಬ ತಾಲ್ಲೂಕಿನ ಉಳವಿಯಂಥ ಊರುಗಳ ಮಣ್ಣುದಾರಿಯ ಗುಂಡಿಗಳಿಗೆ ಅಂಬಾಸಿಡರಿನ ಗಟ್ಟಿ ಮೈ ಹೇಳಿ ಮಾಡಿಸಿದಂತಿತ್ತು. ಆದರೆ ಸ್ಟೀರಿಂಗ್ ತಿರುಗಿಸಲು ರಟ್ಟೆಬಲ ಬೇಕು. ಪೇಟೆಯ ಇಕ್ಕಟ್ಟಿನಲ್ಲಿ ಪದ್ಮಿನಿಯೇ ಸಲೀಸು.

ಆರೈಕೆ: ಎರಡರಲ್ಲೂ ಕಂಪ್ಯೂಟರ್ ಇಲ್ಲ. ಕೆಲವೇ ಸ್ಪ್ಯಾನರುಗಳಿದ್ದರೆ ಊರಿನ ಮೆಕ್ಯಾನಿಕ್ಕೇ ಕಾರ್ಬೊರೇಟರ್ ಬಿಚ್ಚಿ ಶುಚಿ ಮಾಡುತ್ತಿದ್ದ. ಬೇಸಿಗೆಯ ಘಾಟಿಯಲ್ಲಿ ಪೆಟ್ರೋಲ್ ಪಂಪು ಕಾದು ಕಾರು ನಿಂತರೆ ಅದರ ಮೇಲೊಂದು ಒದ್ದೆ ಬಟ್ಟೆ. ತುಸು ಹೊತ್ತಿಗೆ ಮತ್ತೆ ಪಯಣ. ಮಳೆಗಾಲದ ತೇವಕ್ಕೆ ಬಾಗಿಲಡಿಯ ತಗಡು ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ.

ಗಮನಿಸಿ: ಎರಡೂ ಕಾರುಗಳ ಗೇರ್ ಹಿಡಿ ಸ್ಟೀರಿಂಗಿನ ಪಕ್ಕದಲ್ಲೇ ಇದೆ. ನೆಲದ ಮೇಲೆ ಗೇರ್ ಇಲ್ಲದ್ದರಿಂದ ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರುತ್ತಿದ್ದರು. ಪದ್ಮಿನಿಯ ಹಿಂಬದಿಯಲ್ಲಿ ಮೀನಿನ ರೆಕ್ಕೆಯಂತೆ ಎದ್ದ ಅಂಚನ್ನೂ ನೋಡಿ.