ಶಾಲೆಗೆ ಕಂಪ್ಯೂಟರ್ ಬಂತು, ಲೆಕ್ಕ ಬಂತಾ?

ಪುಣೆ, ಹೈದರಾಬಾದ್, ಚೆನ್ನೈಯಲ್ಲಿರೋ ನಮ್ಮಂಥವರ ವಾಟ್ಸಾಪ್ ಗ್ರೂಪುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಮಾತು ಬರುತ್ತೆ: ಊರಿನ ಪ್ರೈಮರಿ ಶಾಲೆಗೆ ಹತ್ತು ಕಂಪ್ಯೂಟರ್ ಕೊಡಿಸೋಣ್ವಾ? ದುಡ್ಡು ಬೇಗ ಸೇರುತ್ತೆ, ಫೋಟೋನೂ ಚೆನ್ನಾಗಿ ಬರುತ್ತೆ. ನಮ್ಮ ಗ್ರೂಪಲ್ಲಿ ಈ ಸಲ ನನ್ನನ್ನೇ ಕೇಳಿದರು, "ಎಂಟೆಕ್ ಮಾಡಿದೀಯಲ್ಲ, ಯಾವ ಕಾನ್ಫಿಗರೇಷನ್ ತಗೋಬೇಕು ಹೇಳು" ಅಂತ. ಕಾನ್ಫಿಗರೇಷನ್ ಆಮೇಲೆ ನೋಡೋಣ. ಹೀಗೆ ಕಂಪ್ಯೂಟರ್ ಬಂದ ಶಾಲೆಗಳಲ್ಲಿ ಮಕ್ಕಳ ಓದು ಏನಾಯ್ತು ಅನ್ನೋದನ್ನು ಅಳೆದು ನೋಡಿದ ಇತಿಹಾಸವೇ ಇದೆ. ಇವತ್ತು ಅದರ ಮಾತು.

ವಡೋದರಾದಿಂದ ಶುರು ಮಾಡ್ತೀನಿ. 2000ರಲ್ಲಿ ಗುಜರಾತ್ ಸರ್ಕಾರ ಅಲ್ಲಿನ 100 ಮುನಿಸಿಪಲ್ ಪ್ರೈಮರಿ ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತು. 2002ರಲ್ಲಿ 'ಪ್ರಥಮ್' ಸಂಸ್ಥೆಯವರು ಹೋಗಿ ನೋಡಿದರೆ, ಮಕ್ಕಳ ಕೈಗೆ ಸಿಕ್ಕಿದ್ದು ತೀರಾ ಕಡಿಮೆ. ಆಗ ಪ್ರಥಮ್ ಸುಮಾರು ಅರ್ಧದಷ್ಟು ಶಾಲೆಗಳಲ್ಲಿ ಒಂದು ಕೆಲಸ ಶುರು ಮಾಡಿತು. ನಾಲ್ಕನೇ ಕ್ಲಾಸಿನ ಮಕ್ಕಳು, ವಾರಕ್ಕೆ ಎರಡು ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರು. ಎರಡು ಗಂಟೆಯಲ್ಲಿ ಒಂದು ಶಾಲೆಯ ವೇಳೆಯಲ್ಲಿ, ಇನ್ನೊಂದು ಶಾಲೆಗೆ ಮುಂಚೆ ಅಥವಾ ಬಿಟ್ಟ ಮೇಲೆ. ಆಟದ ರೂಪದಲ್ಲಿ ಬರೀ ಗಣಿತ. ಮಗುವಿನ ಮಟ್ಟ ನೋಡಿಕೊಂಡು ಸಾಫ್ಟ್‌ವೇರ್ ಲೆಕ್ಕ ಕೊಡುತ್ತಿತ್ತು. ಜೊತೆಗೆ ನಿಲ್ಲೋಕೆ ಅದೇ ಊರಿನವರಿಗೆ ಐದು ದಿನ ತರಬೇತಿ ಕೊಟ್ಟಿದ್ದರು.

ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಅಳೆದರು (2019ರಲ್ಲಿ ನೊಬೆಲ್ ಪಡೆದವರೇ ಇವರಿಬ್ಬರು). ಎರಡನೇ ವರ್ಷ ಗಣಿತದ ಅಂಕ 0.47 ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು ಏರಿತ್ತು. ಅಂದರೆ, ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ಇದ್ದ ಮಗು ಹದಿನೆಂಟು ಮಕ್ಕಳನ್ನು ದಾಟಿ ಮುಂದೆ ಹೋದ ಹಾಗೆ. ಸಣ್ಣದಲ್ಲ ಇದು. ಆದರೆ ಕಾರ್ಯಕ್ರಮ ನಿಂತು ಒಂದು ವರ್ಷ ಆದ ಮೇಲೆ ಉಳಿದದ್ದು ಸುಮಾರು 0.10 ಮಾತ್ರ.

ಅದೇ ಅಧ್ಯಯನದಲ್ಲಿ ಇನ್ನೊಂದು ಪ್ರಯೋಗವೂ ಇತ್ತು, ನಮ್ಮ ಗ್ರೂಪಿನವರು ಅದನ್ನೇ ಮೊದಲು ಓದಬೇಕು ಅಂತ ನನ್ನ ಆಸೆ. 'ಬಾಲಸಖಿ' ಅಂತ. ಅದೇ ಊರಿನ, ಹೈಸ್ಕೂಲ್ ಮುಗಿಸಿದ ಹುಡುಗಿಯರು ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪಕ್ಕಕ್ಕೆ ಕೂರಿಸಿಕೊಂಡು ಓದು, ಲೆಕ್ಕ ಹೇಳಿಕೊಡೋದು. ಏರಿಕೆ 0.28. ಕಂಪ್ಯೂಟರಿಗಿಂತ ಕಡಿಮೆ, ಸರಿ. ಆದರೆ ಖರ್ಚು ಒಂದು ಮಗುವಿಗೆ ವರ್ಷಕ್ಕೆ ಎರಡೂಕಾಲು ಡಾಲರ್. ಕಂಪ್ಯೂಟರಿಂದಾದರೆ ಸುಮಾರು 15 ಡಾಲರ್. ಹತ್ತು ಕಂಪ್ಯೂಟರಿನ ದುಡ್ಡಲ್ಲಿ ಒಬ್ಬ ಹುಡುಗಿಗೆ ಎಷ್ಟು ವರ್ಷ ಸಂಬಳ ಕೊಡಬಹುದು, ನೀವೇ ಲೆಕ್ಕ ಹಾಕಿ. ಫೋಟೋ ಅಷ್ಟು ಚೆನ್ನಾಗಿ ಬರಲ್ಲ, ಒಪ್ತೀನಿ.

ಗುಜರಾತಿನಲ್ಲೇ 'ಜ್ಞಾನಶಾಲಾ' ಅನ್ನೋ ಸಂಸ್ಥೆಯ ತರಗತಿಗಳಲ್ಲಿ ಲೀ ಲಿಂಡನ್ ಇನ್ನೊಂದು ವಿಷಯ ನೋಡಿದರು. ಪಾಠದ ಹೊತ್ತಿನಲ್ಲಿ ಮಕ್ಕಳನ್ನು ಎಬ್ಬಿಸಿ ಕಂಪ್ಯೂಟರ್ ಮುಂದೆ ಕೂರಿಸಿದಾಗ ಅಂಕ ಇಳಿಯಿತು. ಶಾಲೆ ಮುಗಿದ ಮೇಲೆ ಹೆಚ್ಚುವರಿಯಾಗಿ ಕೂರಿಸಿದಾಗ ಏರಿತು. ಒಳ್ಳೆ ಪಾಠ ನಡೀತಿರೋ ಕಡೆ ಟೀಚರ್ ಸಮಯವನ್ನು ಮೆಷಿನ್ ತಿಂದರೆ ನಷ್ಟವೇ.

ಇದೇ ಕಾಲಕ್ಕೆ, ಕಡಲಾಚೆ, ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ 'ಮಗುವಿಗೊಂದು ಲ್ಯಾಪ್‌ಟಾಪ್' ಅಂತ ಹೊರಟರು. ದೊಡ್ಡ ಗಿರಾಕಿ ಪೆರು ದೇಶ. 319 ಹಳ್ಳಿ ಶಾಲೆಗಳಲ್ಲಿ ಸುಮಾರು 15 ತಿಂಗಳಾದ ಮೇಲೆ ಪರೀಕ್ಷೆ ಮಾಡಿದರು. ಒಬ್ಬ ವಿದ್ಯಾರ್ಥಿಗೆ 0.12 ಇದ್ದ ಕಂಪ್ಯೂಟರ್ 1.18 ಆಗಿತ್ತು. ಗಣಿತ, ಭಾಷೆ ಎರಡೂ ಇದ್ದಲ್ಲೇ ಇದ್ದವು. ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿತು, ಅದನ್ನೂ ಹೇಳಲೇಬೇಕು.

ಕೊನೆಗೆ ಬೆಂಗಳೂರು. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಉದಯ್ ಪವಾರ್, ಜಯೋಜಿತ್ ಪಾಲ್, ಕೆಂಟಾರೊ ಟೊಯಾಮ ಬಡ ಶಾಲೆಗಳ ಕಂಪ್ಯೂಟರ್ ಕೋಣೆ ನೋಡಿದರು. ಒಂದು ಪರದೆ, ಸುತ್ತ ಐದಾರು ಮಕ್ಕಳು, ಮೌಸ್ ಮಾತ್ರ ಜೋರಿರೋ ಒಬ್ಬನ ಕೈಲಿ. ಉಳಿದವರು ನೋಡ್ತಾ ನಿಂತಿರೋದು. ಇವರು ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಸಿಗಿಸಿ, ಪ್ರತಿ ಮಗುವಿಗೂ ಬೇರೆ ಬಣ್ಣದ ಕರ್ಸರ್ ಕೊಟ್ಟರು. ಆಮೇಲೆ ಎರಡು ಬಗೆಯ ಆಟ ಮಾಡಿದರು. ಒಂದರಲ್ಲಿ ಯಾರು ಮೊದಲು ಒತ್ತುತ್ತಾರೋ ಅವರಿಗೆ ಗೆಲುವು. ಹುಡುಗರು ಯೋಚನೆ ಮಾಡದೆ ಟಕಟಕ ಒತ್ತಿದರು. ಇನ್ನೊಂದರಲ್ಲಿ ಎಲ್ಲರೂ ಒಂದೇ ಉತ್ತರ ಒತ್ತಿದರೆ ಮಾತ್ರ ಮುಂದಿನ ಪರದೆ. ಅಲ್ಲಿ ಮಕ್ಕಳು ಪಕ್ಕದವರಿಗೆ ತಿಳಿಸಿ ಹೇಳೋಕೆ ಶುರು ಮಾಡಿದರು, ಇಂಗ್ಲಿಷ್ ಪದಗಳೂ ಹೆಚ್ಚು ನೆನಪಲ್ಲಿ ಉಳಿದವು. ಅದೇ ಕಂಪ್ಯೂಟರ್, ಅದೇ ಮೌಸು. ಬದಲಾಗಿದ್ದು ಕೋಡಿನಲ್ಲಿ ಒಂದು ಕಂಡೀಷನ್, ಅಷ್ಟೇ.