ಮಣ್ಣಿನ ಕೊಳವೆಯಿಂದ ಪ್ಲಾಸ್ಟಿಕ್ ನಳದವರೆಗೆ



ಬೆಳಗಿನಲ್ಲಿ ನೀವು ಬಚ್ಚಲಮನೆಗೆ ಹೋಗಿ ಎರಡು ನಲ್ಲಿಗಳನ್ನು ತಿರುವುತ್ತೀರಿ. ಒಂದರಿಂದ ತಣ್ಣೀರು, ಮತ್ತೊಂದರಿಂದ ಬಿಸಿನೀರು. ಎರಡನ್ನೂ ಬೆರೆಸಿ ಸ್ನಾನ ಮುಗಿಸುತ್ತೀರಿ. ಈ ನೀರು ಗೋಡೆಯೊಳಗೆ ಹೇಗೆ ಬಂತು, ಯಾವ ಕೊಳವೆಯಲ್ಲಿ ಬಂತು, ಎಷ್ಟು ತಿರುವುಗಳನ್ನು ದಾಟಿ ಬಂತು ಎಂದು ಎಂದಾದರೂ ಯೋಚಿಸಿದ್ದೀರಾ? ಇತಿಹಾಸವೆಂದರೆ ಅರಸರ ಕಾಳಗಗಳ ಪಟ್ಟಿಯಷ್ಟೇ ಅಲ್ಲ. ನಮ್ಮ ಬಚ್ಚಲ ಗೋಡೆಯೊಳಗೂ ಒಂದು ಇತಿಹಾಸ ಅಡಗಿದೆ.

ನಾನು ಜಮಖಂಡಿ ಸೀಮೆಯ ಹಿಪ್ಪರಗಿಯವನು. ಕೃಷ್ಣೆಯ ದಂಡೆಯ ಊರು. ನನ್ನ ಬಾಲ್ಯದಲ್ಲಿ ಹೊಳೆಯ ನೀರು ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡದಲ್ಲಿ ಮನೆಗೆ ಬರುತ್ತಿತ್ತು. ಹತ್ತಿಕಟ್ಟಿಗೆ ಉರಿಸಿ ತಾಮ್ರದ ಹಂಡೆಯಲ್ಲಿ ಅದನ್ನು ಕಾಸುತ್ತಿದ್ದರು. ಬಿಸಿನೀರನ್ನೂ ತಣ್ಣೀರನ್ನೂ ಹದವಾಗಿ ಬೆರೆಸುವ ಯಂತ್ರವೆಂದರೆ ಅವ್ವನ ಕೈಯ ತಂಬಿಗೆಯೊಂದೇ. ಇಂದು ಅದೇ ಹಿಪ್ಪರಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಲಾಗಿದೆ. ಕೊಡದ ಕೆಲಸವನ್ನು ಕೊಳವೆ ವಹಿಸಿಕೊಂಡಿದೆ.

‘ಕೊಳವೆ’ ಎಂಬ ಮಾತನ್ನೇ ನೋಡಿರಿ. ಅದು ‘ಕೊಳಲು’ ಎಂಬುದರ ಸೋದರ ಶಬ್ದ, ಅಚ್ಚ ದೇಶ್ಯ. ಒಳಗೆ ಟೊಳ್ಳಾದದ್ದು ಎಂಬುದೇ ಎರಡರ ಸಾರ. ಗಾಳಿ ಹರಿದರೆ ನಾದ, ನೀರು ಹರಿದರೆ ಜೀವನ.

ಕೊಳವೆಯ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಹಿಂದೆ ನಮ್ಮ ಜಿಲ್ಲಾಕೇಂದ್ರವಾಗಿದ್ದ ವಿಜಾಪುರಕ್ಕೆ, ಅರ್ಥಾತ್ ಇಂದಿನ ವಿಜಯಪುರಕ್ಕೆ, ಹೋಗಿ ನೋಡಿರಿ. ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ ಪಶ್ಚಿಮದ ತೊರವಿಯಿಂದ ನೆಲದೊಳಗಿನ ಸುರಂಗಮಾರ್ಗವಾಗಿ ನಗರಕ್ಕೆ ನೀರು ಬಂತು. ತರುವಾಯ ಮುಹಮ್ಮದ ಆದಿಲಶಾಹನು 1651ರಲ್ಲಿ ದಕ್ಷಿಣ ದಿಕ್ಕಿಗೆ ಬೇಗಂ ತಲಾಬನ್ನು ಕಟ್ಟಿಸಿದನು. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳ ಮೂಲಕ ನೀರು ಪೇಟೆಯ ಕಡೆಗೆ ಹರಿಯಿತು. ಒಂದು ಕೊಳವೆಯ ತುದಿಯನ್ನು ಇನ್ನೊಂದರ ಬಾಯಿಯೊಳಗೆ ಕೂಡಿಸಿ, ಸುತ್ತಲೂ ಗಾರೆಕಲ್ಲಿನ ಕಟ್ಟಡದಿಂದ ಬಿಗಿದಿದ್ದರು.

ಆದರೆ ಮಣ್ಣಿನ ಕೊಳವೆಗೆ ಒತ್ತಡವನ್ನು ತಾಳುವ ಶಕ್ತಿ ಎಷ್ಟು? ಎತ್ತರದ ಕೆರೆಯಿಂದ ಇಳಿದ ನೀರು ಸಂದುಗಳನ್ನು ಒಡೆದುಬಿಡಬಾರದಲ್ಲ! ಅದಕ್ಕಾಗಿ ಮಾರ್ಗಮಧ್ಯದಲ್ಲಿ ‘ಗಂಜ್’ ಎಂಬ ಚೌಕ ಗೋಪುರಗಳನ್ನು ನಿಲ್ಲಿಸಿದರು. ಅಲ್ಲಿ ನೀರಿನ ಒತ್ತಡ ತಗ್ಗುತ್ತಿತ್ತು. ಜೊತೆಗೆ ಬಂದ ಕೆಸರು ಅಡಿಯಲ್ಲಿ ಕೂಡುತ್ತಿತ್ತು. ಆ ಗೋಪುರಗಳಲ್ಲಿ ಕೆಲವು ಇನ್ನೂ ನಿಂತಿವೆ. ಸಾತ್ ಮಂಜಿಲ್ ಅರಮನೆಯ ಅವಶೇಷದಲ್ಲಿ ನೀರಿನ ಕೊಳವೆಗಳ ಗುರುತುಗಳನ್ನು ಈಗಲೂ ಕಾಣಬಹುದು. ಕೊಳವೆಯ ಬಲ ಅದರ ಮೈಯಲ್ಲಿಲ್ಲ, ಸಂದಿನಲ್ಲಿದೆ ಎಂಬ ತತ್ತ್ವವನ್ನು ಆ ಕುಶಲಿಗಳು ಚೆನ್ನಾಗಿ ಬಲ್ಲವರಾಗಿದ್ದರು.

ಅದೇ ಹೊತ್ತಿಗೆ ದೂರದ ರೋಮನ್ನರನ್ನೂ ನೆನೆಯೋಣ. ಅವರು ಸೀಸದ ಕೊಳವೆಗಳನ್ನು ಹೇರಳವಾಗಿ ಬಳಸಿದರು. ಲ್ಯಾಟಿನ್ನಿನಲ್ಲಿ ಸೀಸಕ್ಕೆ ‘ಪ್ಲಂಬಮ್’ ಎಂದು ಹೆಸರು. ನಾವು ಇಂದು ಕರೆಯುವ ‘ಪ್ಲಂಬರ್’ ಆ ಮಾತಿನಿಂದಲೇ ಹುಟ್ಟಿದವನು. ಆದರೆ ರೋಮಿನ ವಾಸ್ತುಪಂಡಿತ ವಿಟ್ರೂವಿಯಸನು ಎರಡು ಸಾವಿರ ವರ್ಷಗಳ ಹಿಂದೆಯೇ ಎಚ್ಚರಿಸಿದ್ದನು: ಸೀಸದ ಕೊಳವೆಯ ನೀರು ದೇಹಕ್ಕೆ ಕೆಡುಕು, ಮಣ್ಣಿನ ಕೊಳವೆಯದೇ ಲೇಸು. ಈ ಮಾತನ್ನು ಜ್ಞಾಪಕದಲ್ಲಿಡಿರಿ, ಮುಂದೆ ಬೇಕಾಗುತ್ತದೆ.

ಇನ್ನು ಪ್ಲಾಸ್ಟಿಕ್ಕಿನ ಕತೆ. ಜರ್ಮನಿಯ ಯೂಜೆನ್ ಬೌಮನ್ 1872ರಲ್ಲಿ ಪಿ.ವಿ.ಸಿ. ಎಂಬ ವಸ್ತುವನ್ನು ಕಂಡನು. ಆಗ ಅದರ ಉಪಯೋಗ ಯಾರಿಗೂ ಹೊಳೆಯಲಿಲ್ಲ. 1930ರ ದಶಕದಲ್ಲಿ ಅದೇ ಜರ್ಮನಿಯಲ್ಲಿ ಅದರಿಂದ ನೀರಿನ ಕೊಳವೆಗಳು ತಯಾರಾದವು. ತುಕ್ಕು ಹಿಡಿಯದು, ಹಗುರ, ಅಗ್ಗ. ಆದರೆ ಅದಕ್ಕೆ ಬಿಸಿ ಸಹಿಸದು. ಆದುದರಿಂದ ಅದಕ್ಕೆ ಇನ್ನಷ್ಟು ಕ್ಲೋರಿನ್ ಕೂಡಿಸಿ ಸಿ.ಪಿ.ವಿ.ಸಿ. ಮಾಡಿದರು. ಪಿ.ವಿ.ಸಿ.ಯಲ್ಲಿ ನೂರಕ್ಕೆ ಸುಮಾರು 57 ಪಾಲು ಕ್ಲೋರಿನ್ ಇದ್ದರೆ, ಇದರಲ್ಲಿ 63ಕ್ಕೂ ಮಿಗಿಲು. ಇದು ಕುದಿಯುವ ನೀರಿಗೆ ತುಸುವೇ ಕಡಿಮೆ ಬಿಸಿಯನ್ನೂ ತಾಳಬಲ್ಲದು. ಇತ್ತ ಇಟಲಿಯ ಜೂಲಿಯೋ ನಟ್ಟಾ 1954ರಲ್ಲಿ ಪಾಲಿಪ್ರೊಪಿಲೀನನ್ನು ಸಾಧಿಸಿ, 1963ರಲ್ಲಿ ಕಾರ್ಲ್ ಝೀಗ್ಲರನೊಡನೆ ನೊಬೆಲ್ ಪಾರಿತೋಷಕ ಪಡೆದನು. ಆ ವಂಶದ ಕುಡಿಯೇ ಇಂದಿನ ಪಿ.ಪಿ.ಆರ್. ನಳ. ಇದಕ್ಕೆ ಅಂಟು ಬೇಡ. ನಳದ ತುದಿಯನ್ನೂ ಎಲ್ಬೋ, ಟೀ ಮುಂತಾದ ಜೋಡಣೆಗಳನ್ನೂ ಸುಮಾರು 260 ಡಿಗ್ರಿ ಕಾಸಿ ಒತ್ತಿದರೆ ಎರಡೂ ಕರಗಿ ಒಂದಾಗುತ್ತವೆ. ಸಂದೆಂಬುದೇ ಉಳಿಯದು!

ಇದನ್ನೆಲ್ಲ ಪಾಠ ಹೇಳುವ ನಾನು ಸ್ವತಃ ಮೋಸ ಹೋದದ್ದುಂಟು. ಹತ್ತು ವರ್ಷಗಳ ಹಿಂದೆ ಮನೆಗೆ ಗೀಜರ್ ಹಾಕಿಸಿದೆ. ಕೆಲಸದವನು ಬಿಸಿನೀರಿನ ನಳಕ್ಕೆ ಬೆಲೆ ಹೆಚ್ಚೆಂದ. ತಣ್ಣೀರಿನದರಲ್ಲಿ ಉಳಿದ ಪಿ.ವಿ.ಸಿ. ತುಂಡುಗಳನ್ನೇ ಕೂಡಿಸೆಂದು ನಾನೇ ಒಪ್ಪಿದೆ. ನಮ್ಮ ದೇಶದ ಮಾನಕ ಪ್ರಕಾರ ಆ ಕೊಳವೆ 45 ಡಿಗ್ರಿಯ ನೀರಿಗಷ್ಟೇ ತಕ್ಕುದು. ಗೀಜರಿನ ನೀರು ಅದನ್ನು ಸುಲಭವಾಗಿ ಮೀರುತ್ತದೆ. ಒಂದು ಚಳಿಗಾಲದ ಮುಂಜಾವು ಎಲ್ಬೋ ಮೆತ್ತಗಾಗಿ ಕಳಚಿತು. ನಮ್ಮ ಅವ್ವ ಆಗ ತಾನೇ ಬಚ್ಚಲಿನಿಂದ ಹೊರಗೆ ಕಾಲಿಟ್ಟಿದ್ದಳು. ಇನ್ನೊಂದು ನಿಮಿಷ ಒಳಗಿದ್ದರೆ? ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅವ್ವ ಮಾತ್ರ, “ಹಂಡೇನ ಛಲೋ ಇತ್ತಪಾ” ಎಂದು ಸುಮ್ಮನಾದಳು.

ಈಗ ವಿಟ್ರೂವಿಯಸನ ಮಾತಿಗೆ ಬರೋಣ. ಪಿ.ವಿ.ಸಿ.ಯನ್ನು ಕಾಸಿ ಅಚ್ಚು ಹಾಕುವಾಗ ಅದು ಕೆಡದಂತೆ ಬಹುಕಾಲ ಸೀಸದ ಲವಣಗಳನ್ನು ಬೆರೆಸುತ್ತಿದ್ದರು. ರೋಮಿನಿಂದ ಹೊರಹಾಕಿದ ಸೀಸ ಹಿತ್ತಲ ಬಾಗಿಲಿನಿಂದ ಮತ್ತೆ ಬಂದಂತಾಯಿತು. ಭಾರತ ಸರ್ಕಾರವು 2021ರಲ್ಲಿ ಇದನ್ನು ಕಟ್ಟುಪಾಡಿಗೆ ಒಳಪಡಿಸುವ ನಿಯಮಗಳನ್ನು ಹೊರಡಿಸಿತು. ಎರಡು ಸಾವಿರ ವರ್ಷದ ಎಚ್ಚರಿಕೆ ಕಾನೂನಾಗಲು ಇಷ್ಟು ಕಾಲ ಬೇಕಾಯಿತು.

ಆದುದರಿಂದ ವಾಚಕರೇ, ಮುಂದೆ ನಿಮ್ಮ ಮನೆಯ ಗೋಡೆ ಅಗೆಯುವ ಪ್ರಸಂಗ ಬಂದಾಗ ಬಣ್ಣದ ಹೆಂಚನ್ನು ಆರಿಸುವ ಮೊದಲು ಕೊಳವೆಯ ಮೈಮೇಲಿನ ಅಚ್ಚಿನ ಅಕ್ಷರಗಳನ್ನು ಓದಿರಿ. ಸಿ.ಪಿ.ವಿ.ಸಿ.ಗೆ ಐ.ಎಸ್. 15778, ಪಿ.ಪಿ.ಆರ್.ಗೆ ಐ.ಎಸ್. 15801 ಎಂಬ ಮಾನಕಗಳಿವೆ. ತಣ್ಣೀರಿನ ಪಿ.ವಿ.ಸಿ.ಗೆ ಐ.ಎಸ್. 4985. ಎಲ್ಬೋ, ಟೀಗಳನ್ನೂ ಅದೇ ಜಾತಿಯವನ್ನೇ ಕೊಳ್ಳಿರಿ. ಹೆಂಚು ಒಡೆದರೆ ನಾಳೆ ಕೂಡಿಸಬಹುದು. ಗೋಡೆಯೊಳಗಿನ ಸಂದು ಬಿಟ್ಟರೆ ಅದು ಯಾರ ಮೈಮೇಲೆ ಬೀಳುವುದೋ ಹೇಳಬಲ್ಲವರಾರು?