ಹಣ: ನಾಣ್ಯ ಹೋಯಿತು, ಹೆಸರು ಉಳಿಯಿತು

‘ಹಣ ಎಂದರೆ ಹೆಣವೂ ಬಾಯಿ ಬಿಡುತ್ತದೆ’ ಎಂಬುದು ಕನ್ನಡದ ಜನಪ್ರಿಯ ಗಾದೆ. ಇಲ್ಲಿ ಹಣವೆಂದರೆ ದುಡ್ಡು, ಸಂಪತ್ತು ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಶತಮಾನಗಳ ಕಾಲ ಕನ್ನಡನಾಡಿನಲ್ಲಿ ಹಣ ಎಂಬುದು ಒಂದು ನಿರ್ದಿಷ್ಟ ನಾಣ್ಯದ ಹೆಸರಾಗಿತ್ತು. ಇದನ್ನು ಮರೆತರೆ ಹಳೆಯ ಶಾಸನ, ಕಡತಗಳ ಲೆಕ್ಕವೇ ತಪ್ಪಿಹೋಗುತ್ತದೆ.

ಪದದ ಮೂಲ ಸಂಸ್ಕೃತದ ‘ಪಣ’. ಕೌಟಿಲ್ಯನ ಅರ್ಥಶಾಸ್ತ್ರ ದಂಡವನ್ನೂ ಸಂಬಳವನ್ನೂ ಹೇಳುವುದು ಪಣಗಳ ಲೆಕ್ಕದಲ್ಲೇ. ಹಳಗನ್ನಡದ ‘ಪಾಲ್’ ಹಾಲಾಗಿ, ‘ಪುಲಿ’ ಹುಲಿಯಾದಂತೆ ಪಣವೂ ಹಣವಾಯಿತು. ತಮಿಳು, ಮಲಯಾಳಂಗಳಲ್ಲಿ ಅದು ‘ಪಣಂ’ ಆಗಿಯೇ ಉಳಿದರೆ, ಯೂರೋಪಿನ ವರ್ತಕರ ಬಾಯಲ್ಲಿ ‘ಫನಮ್’ ಆಯಿತು. ಬಾಜಿ ಎಂಬ ಅರ್ಥದಲ್ಲಿ ಮಾತ್ರ ಕನ್ನಡಿಗರು ಇಂದಿಗೂ ‘ಪಣ’ ಎಂದೇ ಹೇಳುತ್ತಾರೆ. ಪಣಕ್ಕಿಡುವುದು, ಪಣ ತೊಡುವುದು ಬಂದದ್ದು ಹೀಗೆ.

ವಿಜಯನಗರದ ಕಾಲದಲ್ಲಿ ದೊಡ್ಡ ಚಿನ್ನದ ನಾಣ್ಯ ವರಹ. ಅದರ ತೂಕ ಸುಮಾರು 3.4 ಗ್ರಾಂ. ಹಣವೂ ಚಿನ್ನದ್ದೇ ಆದರೂ ಅರ್ಧ ಗ್ರಾಂ ಕೂಡ ತೂಗದಷ್ಟು ಪುಟ್ಟದು. ಸಾಮಾನ್ಯವಾಗಿ ಹತ್ತು ಹಣಕ್ಕೆ ಒಂದು ವರಹ. ಹಣದ ಕಾಲುಭಾಗಕ್ಕೆ ಹಾಗ, ಹದಿನಾರನೆಯ ಒಂದು ಭಾಗಕ್ಕೆ ವೀಸ ಎಂಬ ಹೆಸರುಗಳಿದ್ದವು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಅಲ್ಲಿನ ನಾಣ್ಯಗಳಲ್ಲಿ ಹಣವೇ ಹೆಚ್ಚು ಉಪಯುಕ್ತವಾದುದೆಂದು ಬರೆದಿದ್ದಾನೆ.

ಮೈಸೂರಿನಲ್ಲಿ 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ನರಸಿಂಹನ ರೂಪವಿರುವ ಹಣವನ್ನು ಟಂಕಿಸಿದರು. ಅದೇ ಹೆಸರಾಂತ ಕಂಠೀರಾಯ ಹಣ. ಶ್ರೀರಂಗಪಟ್ಟಣದ ಪತನದ ನಂತರ, 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಧಾನ್ಯದ ಬೆಲೆಯನ್ನೂ ಆಳುಗಳ ಕೂಲಿಯನ್ನೂ ದಾಖಲಿಸಿದ್ದು ಬಹುಮಟ್ಟಿಗೆ ಈ ಹಣದ ಲೆಕ್ಕದಲ್ಲೇ.

ಮುಂದೆ ಬೆಳ್ಳಿಯ ರೂಪಾಯಿ ಬಂತು. ಮದ್ರಾಸ್ ಪ್ರಾಂತ್ಯದಲ್ಲಿ 1818ರಲ್ಲಿ ವರಹದ ಸ್ಥಾನವನ್ನು ರೂಪಾಯಿ ಪಡೆಯಿತು. 1835ರಲ್ಲಿ ಕಂಪನಿ ಸರ್ಕಾರ ತನ್ನ ಆಳ್ವಿಕೆಯ ಪ್ರದೇಶಗಳಿಗೆಲ್ಲ ಒಂದೇ ಬಗೆಯ ರೂಪಾಯಿಯನ್ನು ಗೊತ್ತುಮಾಡಿತು. ವರಹ, ಹಣಗಳೆರಡೂ ಕ್ರಮೇಣ ಚಲಾವಣೆಯಿಂದ ಮರೆಯಾದವು.

ಕುತೂಹಲದ ಸಂಗತಿ ಇರುವುದು ಇಲ್ಲೇ. ಬೆಲೆಯಲ್ಲಿ ಹಿರಿದಾದ ವರಹದ ಹೆಸರು ಇತಿಹಾಸದ ಪುಟ ಸೇರಿತು. ಕಿರಿದಾದ ಹಣದ ಹೆಸರು ಎಲ್ಲ ಬಗೆಯ ಸಂಪತ್ತಿಗೂ ಹೆಸರಾಯಿತು. ದುಡ್ಡು, ಕಾಸು ಕೂಡ ಹಿಂದೆ ತಾಮ್ರದ ಪುಡಿ ನಾಣ್ಯಗಳೇ. ಕಾರಣ ಊಹಿಸುವುದು ಕಷ್ಟವಲ್ಲ. ವರಹ ಅರಮನೆಯ ಬೊಕ್ಕಸಕ್ಕೆ, ದೊಡ್ಡ ವ್ಯಾಪಾರಕ್ಕೆ ಸಂದ ನಾಣ್ಯ. ಸಂತೆಗೆ ಹೋಗುವವರ, ಕೂಲಿ ಪಡೆಯುವವರ ಕೈಯಲ್ಲಿ ಓಡಾಡಿದ್ದು ಹಣ, ದುಡ್ಡು, ಕಾಸು. ಭಾಷೆ ಉಳಿಸಿಕೊಂಡಿದ್ದು ಅವರ ಮಾತನ್ನು.

ಆದ್ದರಿಂದ ಊರ ಗುಡಿಯ ಕಲ್ಲಿನಲ್ಲಿ ‘ಐದು ಹಣ’ ದತ್ತಿ ಎಂದಿದ್ದರೆ ಅದನ್ನು ಐದು ರೂಪಾಯಿಯಂತೆ ಹಗುರವಾಗಿ ಓದಬಾರದು. ಹತ್ತು ಹಣಕ್ಕೊಂದು ವರಹದ ಲೆಕ್ಕದಲ್ಲಿ ಅದು ಅರ್ಧ ವರಹ. ಕೊಟ್ಟವರು ಎಣಿಸಿಕೊಟ್ಟದ್ದು ಚಿನ್ನವನ್ನು.